ಎಕ್ಸೋಸೋಮ್ ಬೇರ್ಪಡಿಸಲು ಮೂರು ದಾರಿ: ನಾನು ಮಾಡಿ ನೋಡಿದ್ದು

ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಬಲು ಚುರುಕು, ಎಂಸಿಎಫ್-7 ಎಂಬ ಇನ್ನೊಂದು ಬಗೆಯವು ಅಷ್ಟಾಗಿ ಕದಲುವುದಿಲ್ಲ. ಮೊದಲನೆಯವು ಹೊರಬಿಡುವ ಎಕ್ಸೋಸೋಮ್ ಎಂಬ ಕಿರುಚೀಲಗಳನ್ನು ಎರಡನೆಯವಕ್ಕೆ ಕೊಟ್ಟರೆ ಅವೂ ಹರಿದಾಡತೊಡಗುತ್ತವೆಯೇ? ಇದು ನನ್ನ ಪ್ರಶ್ನೆ. ಆದರೆ ಆ ಕಿರುಚೀಲಗಳ ಗಾತ್ರ 30ರಿಂದ 150 ನ್ಯಾನೋಮೀಟರ್. ಮೊದಲು ಅವು ಕೈಗೆ ಸಿಗಬೇಕಲ್ಲ!

ಅತಿ ವೇಗವಾಗಿ ತಿರುಗಿಸುವ ಯಂತ್ರವಾದ ಅಲ್ಟ್ರಾಸೆಂಟ್ರಿಫ್ಯೂಜ್‌ನಿಂದ ಶುರು ಮಾಡಿದೆ. ಕೋಶಗಳು ಬೆಳೆದ ಪೋಷಕ ದ್ರವವನ್ನು (ಮೀಡಿಯಂ) 300, 2,000, 10,000 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ ತಿರುಗಿಸಿ ಕೋಶ, ಕಸ ತೆಗೆದು, ಆಮೇಲೆ 1,00,000 ಜಿಯಲ್ಲಿ 70 ನಿಮಿಷ. ತೊಳೆದು ಮತ್ತೆ 70 ನಿಮಿಷ. ಇಡೀ ದಿನ ಹಿಡಿಯುತ್ತದೆ. ಟ್ಯೂಬಿನ ತಳದಲ್ಲಿ ಕೂರುವ ಉಂಡೆ, ಅಂದರೆ ಪೆಲೆಟ್, ಕಣ್ಣಿಗೆ ಕಾಣುವುದಿಲ್ಲ, ಅದು ಕೂರುವ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಶುದ್ಧತೆ ಪರವಾಗಿಲ್ಲ, ಸಿಗುವುದು ಕಡಿಮೆ.

ಪಾಲಿಎಥಿಲೀನ್ ಗ್ಲೈಕಾಲ್ (ಪೆಗ್) ಎಂಬ ಪಾಲಿಮರ್‌ನ ದಾರಿ ಬಹಳ ಸುಲಭ. ಮೀಡಿಯಂಗೆ ಬೆರೆಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟರೆ ಬೆಳಗ್ಗೆ ಸಾಮಾನ್ಯ ಸೆಂಟ್ರಿಫ್ಯೂಜ್ ಸಾಕು. ದೊಡ್ಡ ಬಿಳಿ ಪೆಲೆಟ್ ನೋಡಿ ಹಿಗ್ಗಿದೆ. ಎಕ್ಸೋಸೋಮ್‌ನ ಗುರುತಾದ ಸಿಡಿ63 ಪ್ರೋಟೀನಿನ ಬ್ಯಾಂಡ್ ಚೆನ್ನಾಗಿ ಬಂತು. ಅದನ್ನು ಕೊಟ್ಟಾಗ, ಪ್ಲೇಟಿನಲ್ಲಿ ಗೀರಿದ ಖಾಲಿ ಜಾಗವನ್ನು ಎಂಸಿಎಫ್-7 ಬೇಗಬೇಗ ತುಂಬಿಕೊಂಡವು. ಅನುಮಾನ ಬಂದು, ಕೋಶಗಳನ್ನೇ ಬೆಳೆಸದ ಖಾಲಿ ಮೀಡಿಯಂಗೂ ಅದೇ ಉಪಚಾರ ಮಾಡಿ ಕೊಟ್ಟೆ. ಆಗಲೂ ಗೀರು ತುಂಬಿತು! ಮೀಡಿಯಂಗೆ ಹಾಕುವ ಕರುವಿನ ಸೀರಮ್‌ನಲ್ಲಿ ಅದರದ್ದೇ ಕಿರುಚೀಲಗಳಿರುತ್ತವೆ, ಬೆಳವಣಿಗೆ ಪ್ರೋಟೀನುಗಳಿರುತ್ತವೆ; ಪೆಗ್ ಎಲ್ಲವನ್ನೂ ಬಾಚಿಕೊಂಡು ಬರುತ್ತದೆ. ಮೂರು ವಾರದ ಫಲಿತಾಂಶ ಬದಿಗಿಟ್ಟೆ. ಅಂದು ತುಂಬ ಬೇಸರವಾಯಿತು.

ಕೊನೆಗೆ ಸೆಫರೋಸ್ ಸಿಎಲ್-2ಬಿ ಎಂಬ ರಂಧ್ರವಿರುವ ಮಣಿಗಳನ್ನು ತುಂಬಿದ 10 ಎಂಎಲ್ ಕೊಳವೆ, ಅಂದರೆ ಕಾಲಂ. ದೊಡ್ಡ ಚೀಲಗಳು ಮಣಿಗಳ ರಂಧ್ರದೊಳಗೆ ಹೋಗಲಾರದೆ ಮೊದಲು ಇಳಿಯುತ್ತವೆ, ಆಲ್ಬುಮಿನ್‌ನಂಥ ಸಣ್ಣ ಪ್ರೋಟೀನು ಒಳಹೊಕ್ಕು ಸುತ್ತಾಡಿ ತಡವಾಗಿ ಬರುತ್ತದೆ. ಈ ಬಾರಿ ಸೀರಮ್ ಇಲ್ಲದ ಮೀಡಿಯಂ ಬಳಸಿದೆ. ಸಿಕ್ಕ ದ್ರಾವಣ ತೆಳು, ಫಿಲ್ಟರಿನಲ್ಲಿ ಸಾಂದ್ರಗೊಳಿಸಬೇಕು. ಆದರೆ ಖಾಲಿ ಮೀಡಿಯಂ ಕೊಟ್ಟಲ್ಲಿ ಗೀರು ಹಾಗೇ ಉಳಿಯಿತು, ಎಕ್ಸೋಸೋಮ್ ಕೊಟ್ಟಲ್ಲಿ ತುಂಬಿತು. ಮೊದಲಿನಷ್ಟು ವೇಗವಾಗಿ ಅಲ್ಲ, ಆದರೂ ನಂಬಬಹುದಾದಷ್ಟು.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. 2015ರಲ್ಲಿ ಕ್ಯಾನ್ಸರ್ ಸಂಶೋಧಕ ಡೇವಿಡ್ ಲೈಡನ್ ತಂಡ, ಎಕ್ಸೋಸೋಮ್ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನಿಗೂ ಕ್ಯಾನ್ಸರ್ ಹರಡುವ ಅಂಗಕ್ಕೂ ನಂಟಿದೆ ಎಂದು ತೋರಿಸಿತು: ಆಲ್ಫಾ6ಬೀಟಾ4 ಇದ್ದರೆ ಶ್ವಾಸಕೋಶ, ಆಲ್ಫಾವಿಬೀಟಾ5 ಇದ್ದರೆ ಯಕೃತ್ತು. ಗೆಡ್ಡೆಯ ಕೋಶ ಹೋಗಿ ನೆಲೆಸುವ ಮುಂಚೆಯೇ ಚೀಲಗಳು ಅಲ್ಲಿ ನೆಲ ಹದಮಾಡುತ್ತವೆ. ಅಂಥ ಮಾತಾಡಬೇಕಾದರೆ ಟ್ಯೂಬಿನಲ್ಲಿರುವುದು ಚೀಲವೋ, ಜೊತೆಗೆ ಬಂದ ಪ್ರೋಟೀನೋ ಎಂದು ತಿಳಿದಿರಲೇಬೇಕು.

ರಕ್ತದ ಸಣ್ಣ ಮಾದರಿಯಿಂದ ಆರ್‌ಎನ್‌ಎ ಮಾತ್ರ ಬೇಕಿದ್ದವರಿಗೆ ಪೆಗ್ ಸಾಕಾಗಬಹುದು. ಕೋಶಗಳ ಮೇಲಿನ ಪರಿಣಾಮ ನೋಡುವವರಿಗೆ ಕಾಲಂ ಅನ್ನೇ ಹೇಳುತ್ತೇನೆ, ಪಕ್ಕದಲ್ಲಿ ಖಾಲಿ ಮೀಡಿಯಂನ ಟ್ಯೂಬ್ ಒಂದಿರಲಿ.