‘ನಿಕೋಟಿನ್ ಪ್ಯಾಚ್’ ಅಂತ ಮಾರಿದ್ದರಲ್ಲಿ ನಿಕೋಟಿನ್ನೇ ಇಲ್ಲ! ಸಿಗರೇಟು ಬಿಡಲು ಹೊರಟವರು ದುಡ್ಡು ಕೊಡುವ ಮೊದಲು ಓದಿ

ರೀಲ್ಸ್ ನಡುವೆ ಬರುತ್ತಲ್ಲ, ‘21 ದಿನದಲ್ಲಿ ಸಿಗರೇಟು ಬಿಡಿಸುವ ಕಿಟ್’ ಅನ್ನೋ ಜಾಹೀರಾತು, ಅದನ್ನ ಆರ್ಡರ್ ಮಾಡೋಕೆ ಹೊರಟಿದ್ದರೆ ದಯವಿಟ್ಟು ನಿಲ್ಲಿ. 1,899 ರೂಪಾಯಿ, ಕ್ಯಾಶ್ ಆನ್ ಡೆಲಿವರಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ‘ನಿಕೋಟಿನ್ ಪ್ಯಾಚ್’, ಅಂದರೆ ಚಟ ಹಿಡಿಸೋ ನಿಕೋಟಿನ್ನನ್ನೇ ಹೊಗೆ ಇಲ್ಲದೆ, ಅಳತೆಯಲ್ಲಿ ಚರ್ಮದ ಮೂಲಕ ಕೊಟ್ಟು ಸಿಗರೇಟು ಬಿಡಿಸೋ ಅಂಟುಪಟ್ಟಿ. ಮನೆಗೆ ಬಂದ ಡಬ್ಬಿಯಲ್ಲಿ ನಿಕೋಟಿನ್ ಇಲ್ಲ. ಒಂದು ಮಿಲಿಗ್ರಾಂ ಕೂಡ ಇಲ್ಲ.

ಒಳಗಿದ್ದದ್ದು ಒಂದು ಪೊಟ್ಟಣ ಪ್ಯಾಚ್, ನಾಲಿಗೆಗೆ ಬಿಡೋ ಹನಿಗಳ ಸಣ್ಣ ಬಾಟಲಿ, ಜೊತೆಗೆ ‘ಹರ್ಬಲ್ ಸ್ಮೋಕ್’ ಅಂತ ಒಂದು ಪ್ಯಾಕು. ಪ್ಯಾಚ್ ಪೊಟ್ಟಣದ ಮುಂದೆ ‘30’ ಅಂತ ಅಚ್ಚು ಹಾಕಿದ್ದಾರೆ. ನೋಡಿದವರು ಅದನ್ನ ಸ್ಟ್ರೆಂತ್ ಅಂದುಕೊಳ್ಳಲಿ ಅಂತಲೇ ಹಾಕಿರೋದು. ಅದು ಪ್ಯಾಚ್‌ಗಳ ಎಣಿಕೆ. ಹಿಂದೆ ತಿರುಗಿಸಿದರೆ, ಬೆಳಕಿಗೆ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಪುದೀನ ಸತ್ವ, ಲವಂಗದ ಎಣ್ಣೆ, ‘ಗಿಡಮೂಲಿಕೆ ಸಾರ’. ಯಾವ ಗಿಡ? ಅದಿಲ್ಲ. ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ. ಬ್ಯಾಚ್ ನಂಬರ್ ಇರಬೇಕಾದ ಜಾಗ ಖಾಲಿ. ಕೊನೇ ಸಾಲಿನಲ್ಲಿ ‘ನಿಕೋಟಿನ್ ಮುಕ್ತ’ ಅಂತ ತಣ್ಣಗೆ ಬರೆದಿದ್ದಾರೆ. ಆ ಸಾಲು ಓದಿದಾಗ ಮೈಯೆಲ್ಲ ಉರಿದುಹೋಯ್ತು. ಇಷ್ಟು ಹೊತ್ತಿಗೆ ಪ್ಯಾಚ್ ತೋಳಿನ ಮೇಲೆ ಕೂತಾಗಿತ್ತು, ಸಿಗರೇಟು ನಿಲ್ಲಿಸೋ ದಿನ ಶುರುವಾಗಿತ್ತು.

ಮಾರಿದವರನ್ನ ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ: ‘ಸರ್, ನಿಕೋಟಿನ್ ವಿಷ ಅಲ್ವಾ? ವಿಷ ಬಿಡಿಸೋಕೆ ವಿಷ ಯಾಕೆ ಕೊಡಬೇಕು?’

ಹಾಗಾದ್ರೆ ಜಾಹೀರಾತಿನಲ್ಲಿ ನಿಕೋಟಿನ್ ಪ್ಯಾಚ್ ಅಂತ ಯಾಕೆ ಬರೆದಿರಿ ಅಂದರೆ, ‘ಅದು ನಿಕೋಟಿನ್ ಬಿಡಿಸೋ ಪ್ಯಾಚ್ ಅಂತ ಅರ್ಥ ಸರ್.’

ಕೆಲಸ ಮಾಡ್ತಾ ಇಲ್ಲ ಅಂದರೆ, ‘ಹಚ್ಚಿದ ತಕ್ಷಣ ತಂಪಾಗುತ್ತಲ್ವಾ, ಅದೇ ಗುರುತು.’ ತಂಪಾಗೋದು ಮೆಂಥಾಲ್‌ನಿಂದ ಸ್ವಾಮಿ! ತಲೆನೋವಿನ ಮುಲಾಮು ಹಚ್ಚಿದರೂ ತಂಪಾಗುತ್ತೆ. ಅಸಲಿ ನಿಕೋಟಿನ್ ಪ್ಯಾಚ್ ತಂಪು ಕೊಡಲ್ಲ. ಹಚ್ಚಿದ ಜಾಗದಲ್ಲಿ ಮೊದಲ ಒಂದು ಗಂಟೆ ಸ್ವಲ್ಪ ತುರಿಕೆ, ಚುಮುಚುಮು ಇರಬಹುದು. ಚರ್ಮದ ಮೂಲಕ ರಕ್ತಕ್ಕೆ ನಿಧಾನವಾಗಿ ಹೋಗೋದರಿಂದ ಪೂರ್ತಿ ಪರಿಣಾಮಕ್ಕೆ ಗಂಟೆಗಳೇ ಬೇಕು.

ಆಮೇಲೆ ಬಂತು ನೋಡಿ ಅಸಲಿ ವ್ಯಾಪಾರ: ‘ಮೊದಲನೇ ಕಿಟ್ ದೇಹ ಶುದ್ಧಿಗೆ ಮಾತ್ರ ಸರ್, ಎರಡನೇ ಹಂತದ್ದು 2,499.’ ವಾಪಸ್ ತಗೊಳ್ಳಿ ಅಂದರೆ, ‘ಸೀಲ್ ಒಡೆದಿದ್ದೀರ, ರಿಟರ್ನ್ ಇಲ್ಲ.’ ಒಳಗೇನಿದೆ ಅಂತ ಓದಬೇಕಾದರೆ ಸೀಲ್ ಒಡೆಯಲೇಬೇಕು, ಮೇಲಿನ ಕವರ್ ಹಾಗೆ ಸುತ್ತಿದ್ದಾರೆ. ಅಲ್ಲಿಗೆ ನಂಬರ್ ಬ್ಲಾಕ್.

ದುಡ್ಡು ಹಾಳಾಗಲಿ. ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಕಡುಬಯಕೆ, ಸಿಡುಕು, ನಿದ್ದೆಗೇಡು ಎಲ್ಲ ಜೋರಾಗೋದು ಸಿಗರೇಟು ಬಿಟ್ಟ ಮೊದಲ ಎರಡು ಮೂರು ದಿನದಲ್ಲಿ. ಸರಿಯಾಗಿ ಆ ಹೊತ್ತಿಗೆ ಮೈಯಲ್ಲಿ ನಿಕೋಟಿನ್ ಸೊನ್ನೆ. ಮನುಷ್ಯ ತತ್ತರಿಸಿ ಮತ್ತೆ ಅಂಗಡಿಗೆ ಹೋಗ್ತಾನೆ. ‘ಪ್ಯಾಚೂ ಹಾಕಿ ನೋಡಿದೆ, ನನಗೆ ಆಗಲ್ಲ’ ಅಂತ ಊರೆಲ್ಲ ಹೇಳ್ತಾನೆ. ಅಸಲಿ ಪ್ಯಾಚ್ ಅವನು ಕಣ್ಣಿಂದಲೂ ನೋಡಿಲ್ಲ! ಈ ಖದೀಮರು ಮಾಡೋ ದೊಡ್ಡ ಪಾಪ ಇದು.

ವಿಷದ ಮಾತಿಗೆ ಉತ್ತರ ಇಲ್ಲಿದೆ. ಚಟಕ್ಕೆ ಕಟ್ಟಿಹಾಕೋದು ನಿಕೋಟಿನ್. ಶ್ವಾಸಕೋಶ, ಹೃದಯ ಹಾಳು ಮಾಡೋದು ಬಹುಪಾಲು ಹೊಗೆ, ಅದರೊಳಗಿನ ಟಾರ್, ಕಾರ್ಬನ್ ಮಾನಾಕ್ಸೈಡ್. ಹೊಗೆ ತೆಗೆದು, ನಿಕೋಟಿನ್ ಮಾತ್ರ ಅಳತೆಯಲ್ಲಿ ಕೊಟ್ಟು, ವಾರಗಟ್ಟಲೆ ಇಳಿಸ್ತಾ ಬರೋದೇ ಚಿಕಿತ್ಸೆ. ಅದೇ ಕಿಟ್‌ನ ‘ಹರ್ಬಲ್ ಸ್ಮೋಕ್’ ನೋಡಿ, ಪೂರ್ತಿ ಉಲ್ಟಾ: ನಿಕೋಟಿನ್ ತೆಗೆದು ಹೊಗೆ ಉಳಿಸಿದ್ದಾರೆ. ತುಳಸಿ ಸುಟ್ಟರೂ ಟಾರ್ ಬರುತ್ತೆ, ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ‘ಇದು ಬೇಡವಾದರೆ ವೇಪ್ ಇದೆ’ ಅಂತ ಇ-ಸಿಗರೇಟನ್ನೂ ಮಾರಲು ನೋಡಿದರು ಈ ಕಿಟ್‌ನವರು. ಇ-ಸಿಗರೇಟು ಮಾರೋದು 2019ರಿಂದ ದೇಶದಾದ್ಯಂತ ಅಪರಾಧ, ಕಾನೂನೇ ಇದೆ.

ಅಸಲಿ ಪ್ಯಾಚ್ ಮೇಲೆ ನಿಕೋಟಿನ್ ಅಂತ ಹೆಸರು, ಪಕ್ಕದಲ್ಲಿ ಮಿಲಿಗ್ರಾಂ ಇದ್ದೇ ಇರುತ್ತೆ. 24 ಗಂಟೆಯ ಪ್ಯಾಚ್ 21, 14, 7 ಮಿ.ಗ್ರಾಂ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆ ಸಾಮಾನ್ಯವಾಗಿ ಆರು ವಾರ 21, ಎರಡು ವಾರ 14, ಎರಡು ವಾರ 7. ಹತ್ತು ಅಥವಾ ಕಡಿಮೆ ಇದ್ದರೆ 14ರಿಂದಲೇ ಶುರು. ತೋಳಿನ ಮೇಲ್ಭಾಗ ಅಥವಾ ಎದೆ, ಕೂದಲಿಲ್ಲದ ಒಣ ಚರ್ಮ. ಎಣ್ಣೆ, ಕ್ರೀಮು, ಬೆವರು ಇದ್ದರೆ ಅಂಟಲ್ಲ. ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡೀರಿ, ಅಂಚುಗಳು ಮುಖ್ಯ. ದಿನಾ ಜಾಗ ಬದಲಿಸಿ. ದುಡ್ಡು ಉಳಿಸೋಕೆ ಅಂತ ಕತ್ತರಿಸಬೇಡಿ, ಅಳತೆ ಕೆಡುತ್ತೆ. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಬಹುದು. ತೆಗೆದದ್ದರಲ್ಲೂ ನಿಕೋಟಿನ್ ಉಳಿದಿರುತ್ತೆ, ಅಂಟು ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ.

ಪ್ಯಾಚ್ ಥರವೇ ಸಿಗರೇಟು ಬಿಡಲು ಕೊಡೋ ನಿಕೋಟಿನ್ ಗಮ್ ವಿಷಯದಲ್ಲಿ ಮೆಡಿಕಲ್ ಶಾಪಿನವರ ಮೇಲೂ ಸಿಟ್ಟಿದೆ. ಸ್ಟ್ರಿಪ್ ಕೈಗೆ ಕೊಟ್ಟು ‘ಚ್ಯೂಯಿಂಗ್ ಗಮ್ ಥರ ಅಗೀರಿ’ ಅಂದು ಕಳಿಸ್ತಾರೆ. ಹಾಗೆ ಅಗಿಯಲೇಬಾರದು! ಹಾಗೆ ಅಗಿದರೆ ನಿಕೋಟಿನ್ ಎಲ್ಲ ಉಗುಳಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಗಂಟಲುರಿ, ವಾಕರಿಕೆ ಬರುತ್ತೆ. ರಕ್ತಕ್ಕೆ ಹೋಗೋದು ಅಷ್ಟಕ್ಕಷ್ಟೆ. ನಿಧಾನಕ್ಕೆ ಕೆಲವು ಸಲ ಅಗೀರಿ, ಮೆಣಸಿನ ಥರ ಖಾರ, ಚುಮುಚುಮು ಬಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಬಿಡಿ. ಖಾರ ಹೋದ ಮೇಲೆ ಮತ್ತೆ ಅಗೀರಿ, ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೆ. ಗಮ್ ಹಾಕುವ 15 ನಿಮಿಷ ಮೊದಲಿಂದ ಮುಗಿಯೋವರೆಗೂ ಕಾಫಿ, ಜ್ಯೂಸು, ಸೋಡಾ ಬೇಡ. ಬಾಯಿ ಹುಳಿಯಾದರೆ ಒಸಡು ನಿಕೋಟಿನ್ ಹೀರಲ್ಲ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿ.ಗ್ರಾಂ, ತಡವಾಗಿ ಹಚ್ಚುವವರಿಗೆ 2. ಎರಡು ಮಿ.ಗ್ರಾಂ ಗಮ್ಮು ಚೀಟಿ ಇಲ್ಲದೆ ಸಿಗುತ್ತೆ, ನಾಲ್ಕಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು. ‘ತುಂಬಾ ಆಸೆಯಾದಾಗ ಒಂದು’ ಅಂತ ದಿನಕ್ಕೆ ಎರಡೋ ಮೂರೋ ಹಾಕಿಕೊಂಡು ಗಮ್ಮನ್ನ ಬೈಯೋದರಲ್ಲಿ ಅರ್ಥವಿಲ್ಲ. ಜೋರು ಚಟ ಇರುವವರಿಗೆ ಪ್ಯಾಚ್ ಜೊತೆಗೇ ಗಮ್ ಕೊಡ್ತಾರೆ, ಒಂದೇ ಬಳಸೋದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ.

ಕಾಫಿ ಬಗ್ಗೆ ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಸಿಗರೇಟಿನ ಹೊಗೆ ಇದ್ದಾಗ ಲಿವರ್ ಕೆಫೀನನ್ನ ಬೇಗ ಕರಗಿಸುತ್ತೆ. ಸಿಗರೇಟು ನಿಂತ ಮೇಲೆ ಅಷ್ಟೇ ಲೋಟ ಕಾಫಿಗೆ ರಕ್ತದಲ್ಲಿ ಕೆಫೀನ್ ಏರಿಬಿಡುತ್ತೆ. ಕೈನಡುಕ, ಎದೆಬಡಿತ, ನಿದ್ದೆ ಬರದಿರೋದು ಎಲ್ಲವನ್ನೂ ಪ್ಯಾಚಿನ ತಲೆಗೆ ಕಟ್ತಾರೆ. ಕಾಫಿ ಅರ್ಧಕ್ಕೆ ಇಳಿಸಿ.

ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಡಾಕ್ಟರನ್ನ ಕೇಳದೆ ಯಾವುದನ್ನೂ ಶುರು ಮಾಡಬೇಡಿ.

ಸಲಹೆಗೆ ದುಡ್ಡೇ ಬೇಕಿಲ್ಲ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಕಿಟ್ ಈಗಾಗಲೇ ಬಂದಿದ್ದರೆ ಜಾಹೀರಾತು, ಡಬ್ಬಿಯ ಹಿಂಭಾಗ, ಚಾಟ್ ಮೂರರದ್ದೂ ಫೋಟೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಚಾಟನ್ನ ಇವತ್ತೇ ಸ್ಕ್ರೀನ್‌ಶಾಟ್ ಮಾಡಿ, ‘ವಿಷ’ದ ಮೆಸೇಜನ್ನ ಅವರು ಮರುದಿನವೇ ಡಿಲೀಟ್ ಮಾಡಿದ್ದರು.