ಸ್ಟ್ರೀಟ್ ಫೈಟರ್ 6: ಎರಡೂವರೆ ವರ್ಷ ಒದೆ ತಿಂದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಆಟಗಾರನೇನಲ್ಲ. ಇಬ್ಬರು ಎದುರುಬದುರು ಹೊಡೆದಾಡುವ ಈ ವಿಡಿಯೋ ಗೇಮ್ 2023ರ ಜೂನ್ 2ಕ್ಕೆ ಬಂತು, ಅದೇ ವಾರ ಕೊಂಡೆ. ಇಲ್ಲಿಯವರೆಗೆ 1100 ಗಂಟೆ ಆಡಿದ್ದೇನೆ ಅಂತ ಲೆಕ್ಕ ತೋರಿಸುತ್ತಿದೆ. ಅದರಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಹಾಗಾಗಿ ಇದನ್ನು ಸೋತವನ ವಿಮರ್ಶೆ ಅಂತಲೇ ಓದಿ.

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದ ಮುಂದೆ ನಿಂತು ಸ್ಟ್ರೀಟ್ ಫೈಟರ್ 2 ಆಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಆಗ ಸೋತರೆ ಸೋತೆ, ಅಷ್ಟೇ. ನಾಣ್ಯ ಹೋಯಿತು, ಪಕ್ಕಕ್ಕೆ ಸರಿ, ಹಿಂದಿನವನಿಗೆ ಜಾಗ ಬಿಡು. ಯಾಕೆ ಸೋತೆ ಅಂತ ಯಾರೂ ಹೇಳುತ್ತಿರಲಿಲ್ಲ. ಗೆದ್ದವನನ್ನು ಕೇಳಿದರೆ ನಗುತ್ತಿದ್ದ, ಹೇಳಿದರೆ ಅವನ ಗುಟ್ಟು ಹೋಗುತ್ತಲ್ಲ! ನನ್ನನ್ನು ಒಬ್ಬ ಮೂಲೆಗೆ ತಳ್ಳಿ ಹಿಡಿದೆತ್ತಿ ಎಸೆಯುವ ಒಂದೇ ಥ್ರೋ ಹಾಕಿ ಹಾಕಿ ಎಷ್ಟೋ ತಿಂಗಳು ಸೋಲಿಸಿದ್ದ. ಅದರಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಗೊತ್ತಾಗುವ ಹೊತ್ತಿಗೆ ಆ ಯಂತ್ರವನ್ನೇ ಎತ್ತಿಕೊಂಡು ಹೋಗಿದ್ದರು.

ಈ ಸರಣಿಗೆ ಸತ್ತು ಬದುಕುವುದು ಹೊಸದಲ್ಲ. 1987ರ ಮೊದಲನೇ ಆಟವನ್ನು ಇವತ್ತು ಆಡಿದರೆ ಕೈ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. 1991ರಲ್ಲಿ ಬಂದ ಎರಡನೆಯದು ಜಗತ್ತನ್ನೇ ಹಿಡಿದು ಅಲ್ಲಾಡಿಸಿತು. ಅದರ ಕಾಂಬೋ ಅನ್ನುವುದು ಬೇಕೂಂತ ಮಾಡಿದ್ದಲ್ಲ. ಕಾರು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷೆ ಮಾಡುವಾಗ ಆಟ ತಯಾರಿಸಿದವರಲ್ಲೊಬ್ಬರಾದ ನೊರಿಟಾಕಾ ಫುನಾಮಿಝು ಅವರಿಗೆ ಒಂದು ಹೊಡೆತದ ಬಾಲಕ್ಕೆ ಇನ್ನೊಂದು ಹೊಡೆತ ಅಂಟಿಕೊಳ್ಳುತ್ತಿದ್ದದ್ದು ಕಂಡಿತು, ಇದರಿಂದೇನು ತೊಂದರೆ ಅಂತ ಹಾಗೇ ಬಿಟ್ಟರು. ಇವತ್ತಿನ ಎಲ್ಲ ಫೈಟಿಂಗ್ ಆಟಗಳೂ ಆ ಉದಾಸೀನದ ಮಕ್ಕಳು! ಆಮೇಲೆ ಮೂರನೆಯದರ ಸಾಲಿನಲ್ಲಿ 1999ರ ಥರ್ಡ್ ಸ್ಟ್ರೈಕ್, ಅದಾದ ಮೇಲೆ ದೊಡ್ಡದೊಂದು ಮೌನ, 2008ರಲ್ಲಿ ನಾಲ್ಕನೆಯದು ಆರ್ಕೇಡಿಗೆ ಬಂದು ಮತ್ತೆ ಜೀವ ಕೊಟ್ಟಿತು. 2016ರ ಐದನೆಯದು ಬಿಡುಗಡೆಯಾದಾಗ ಅದರಲ್ಲಿ ಒಬ್ಬರೇ ಕೂತು ಒಬ್ಬೊಬ್ಬ ಎದುರಾಳಿಯನ್ನೇ ಸೋಲಿಸುತ್ತಾ ಹೋಗುವ ಆರ್ಕೇಡ್ ಮೋಡ್ ಇರಲೇ ಇಲ್ಲ. ಆರ್ಕೇಡಲ್ಲಿ ಹುಟ್ಟಿದ ಸರಣಿಗೆ ಇದು ಅಪ್ಪನ ಹೆಸರು ಮರೆತ ಹಾಗೆ, ಅಲ್ವಾ?

ಆರನೆಯದರ ಬಗ್ಗೆ ನನಗೆ ಹೆದರಿಕೆ ಇದ್ದದ್ದು ಇದಕ್ಕೇ. ಹಳೆಯ ಹೆಸರು, ಹೊಸ ಬಣ್ಣ, ಮಿಕ್ಕಿದ್ದಕ್ಕೆಲ್ಲ ಆಮೇಲೆ ದುಡ್ಡು ಕೊಡಿ ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಮೊದಲ ದಿನವೇ ಆರಿಸಿಕೊಳ್ಳಲು 18 ಜನ ಹೊಡೆದಾಟಗಾರರಿದ್ದರು, 1991ರ ಎಂಟೂ ಜನ ಸೇರಿ. ಕೈಕಾಲು ಉದ್ದ ಮಾಡಿ ಹೊಡೆಯುವ ನಮ್ಮ ಧಾಲ್ಸಿಮ್ ಕೂಡ ಇದ್ದಾನೆ. ನಾನು ಹಿಡಿದದ್ದು ಮಾತ್ರ ರ್ಯೂನನ್ನು. ಹಳೇ ಚಾಳಿ.

ಆಟದ ಜೀವ ಇರುವುದು ಡ್ರೈವ್ ಗೇಜ್‌ನಲ್ಲಿ. ಆರು ಹಸಿರು ಪಟ್ಟಿಗಳು, ಸುತ್ತು ಶುರುವಾಗುವಾಗಲೇ ಪೂರ್ತಿ ತುಂಬಿರುತ್ತವೆ. ಬೇರೆ ಆಟಗಳಲ್ಲಿ ಹೊಡೆದಾಡಿ ಹೊಡೆದಾಡಿ ಶಕ್ತಿ ಕೂಡಿಡಬೇಕು. ಇಲ್ಲಿ ತಿಂಗಳ ಒಂದನೇ ತಾರೀಕೇ ಸಂಬಳ ಕೈಗೆ ಕೊಟ್ಟು, ಹೇಗೆ ಖರ್ಚು ಮಾಡುತ್ತೀಯೋ ಮಾಡು ಅನ್ನುತ್ತಾರೆ. ಹೊಡೆತ ಬರುವ ಹೊತ್ತಿಗೆ ಅದನ್ನು ತಡೆದುಹಾಕಬಹುದು, ಅದೇ ಪ್ಯಾರಿ, ಹೊಡೆಯುತ್ತಿರುವಾಗಲೇ ಅದನ್ನು ತುಂಡು ಮಾಡಿ ಮುಂದೆ ನುಗ್ಗಬಹುದು, ಅದಕ್ಕೆ ಮೂರು ಪಟ್ಟಿ ಹೋಗುತ್ತವೆ. ಎಲ್ಲ ಖಾಲಿಯಾದರೆ ಬರ್ನ್‌ಔಟ್, ಪಾತ್ರದ ಬಣ್ಣವೇ ಸುಟ್ಟುಹೋದ ಹಾಗೆ ಬೂದು. ಆಗ ಪಾತ್ರದ ವಿಶೇಷ ಪಟ್ಟುಗಳಾದ ಸ್ಪೆಷಲ್ ಹೊಡೆತಗಳನ್ನು ಬ್ಲಾಕ್ ಮಾಡಿದರೂ, ಅಂದರೆ ಅಡ್ಡ ಹಿಡಿದು ತಡೆದರೂ, ಜೀವ ಸೋರುತ್ತದೆ. ಎದುರಾಳಿಗೆ ವಾಸನೆ ಹತ್ತಿಬಿಡುತ್ತದೆ, ಓಡಿ ಬರುತ್ತಾನೆ. ದುಡ್ಡು ಖಾಲಿಯಾದ ದಿನವೇ ಸಾಲದವನು ಬಾಗಿಲು ಬಡಿಯುವ ಹಾಗೆ.

ಮೊದಲ ಆರು ತಿಂಗಳು ನನ್ನನ್ನು ಗೋಳಾಡಿಸಿದ್ದು ಡ್ರೈವ್ ಇಂಪ್ಯಾಕ್ಟ್. ಜೋರು ಪಂಚ್, ಜೋರು ಕಿಕ್ ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ ಪಾತ್ರದ ಮೈಯಿಂದ ಬಣ್ಣ ಚಿಮ್ಮಿದ ಹಾಗಾಗಿ ಒಂದು ಭಾರಿ ಹೊಡೆತ ಬರುತ್ತದೆ, ನಡುವೆ ನಾವು ಹೊಡೆದರೆ ಎರಡು ಏಟನ್ನು ಸುಮ್ನೆ ನುಂಗಿಕೊಂಡು ಬರುತ್ತದೆ. ನೀವು ಮೂಲೆಯಲ್ಲಿದ್ದರೆ ಬ್ಲಾಕ್ ಮಾಡಿಯೂ ಪ್ರಯೋಜನ ಇಲ್ಲ, ಗೋಡೆಗೆ ಬಡಿದು ಕುಸಿಯುತ್ತೀರಿ. ಇದಕ್ಕೆ ನೇರ ಉತ್ತರ ಅಂದರೆ ನೀವೂ ಇಂಪ್ಯಾಕ್ಟ್ ಒತ್ತುವುದು. ಬಂದು ಬಡಿಯಲು 26 ಫ್ರೇಮ್, ಅಂದರೆ ತೆರೆಯ ಮೇಲಿನ 26 ಬಿಡಿ ಚಿತ್ರಗಳಷ್ಟು ಹೊತ್ತು ತಗೊಳ್ಳುತ್ತದೆ, ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಇಲ್ಲ. ಸಾಕಲ್ಲ ಅನ್ನಿಸಬಹುದು. ಅದನ್ನೇ ಕಾಯುತ್ತಾ ಕೂತರೆ ಸಾಕು, ನಿಜ. ಆದರೆ ಅವನು ಹಾರಬಹುದು, ಥ್ರೋ ಮಾಡಬಹುದು, ಕೆಳಗೆ ಒದೆಯಬಹುದು, ಇವೆಲ್ಲವನ್ನೂ ನೋಡಿಕೊಳ್ಳುತ್ತಿರುವಾಗ ಆ ಬಣ್ಣ ಚಿಮ್ಮಿದರೆ ಬೆರಳು ಕಲ್ಲಾಗುತ್ತದೆ.

ನಾನು ಮಾಡಿದ್ದು ಇಷ್ಟು. ಟ್ರೈನಿಂಗ್ ಮೋಡಿಗೆ ಹೋಗಿ ಗೊಂಬೆಗೆ ನಾಲ್ಕು ಕೆಲಸ ಕಲಿಸಿದೆ: ನಡೆ, ಕೂತು ಒದಿ, ಹಾರು, ಇಂಪ್ಯಾಕ್ಟ್. ನಾಲ್ಕನ್ನೂ ಅದಕ್ಕೆ ಮನಸ್ಸು ಬಂದ ಹಾಗೆ ಮಾಡಲು ಬಿಟ್ಟೆ. ದಿನಾ ಹದಿನೈದು ನಿಮಿಷ. ಮೊದಲ ವಾರ ಹತ್ತಕ್ಕೆ ಎರಡು ಹಿಡಿಯುತ್ತಿದ್ದೆ. ಒಂದು ತಿಂಗಳಾದ ಮೇಲೆ ಒಂದು ರಾತ್ರಿ ನಿಜವಾದ ಪಂದ್ಯದಲ್ಲಿ, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ನಾನು ಯೋಚಿಸುವ ಮೊದಲೇ ಕೈ ಒತ್ತಿಬಿಟ್ಟಿತ್ತು. ಅವನು ಕುಸಿದ. ನನಗೆ ಎಷ್ಟು ಆಶ್ಚರ್ಯವಾಯಿತು ಅಂದರೆ ಆಮೇಲೆ ಹೊಡೆಯುವುದೇ ಮರೆತುಹೋಯಿತು. ಆ ಪಂದ್ಯವನ್ನೂ ಸೋತೆ.

ಸೋತದ್ದು ಯಾಕೆ ಅಂತ ಹೇಳುವ ಕೆಲಸಕ್ಕೆ ಬಂದರೆ, ಈ ಆಟಕ್ಕೆ ಸಮ ಇಲ್ಲ. ಆಡಿದ ಪಂದ್ಯದ ರೀಪ್ಲೇ ಇರುತ್ತದೆ, ಅದರ ಜೊತೆಗೆ ಫ್ರೇಮ್ ಮೀಟರ್ ಅಂತ ಒಂದು ಪಟ್ಟಿ. ಹೊಡೆತ ಹೊರಡುವುದು ಹಸಿರು, ತಾಗುವ ಕ್ಷಣ ಕೆಂಪು, ಕೈಕಾಲು ವಾಪಸ್ ಎಳೆದುಕೊಳ್ಳುವುದು ನೀಲಿ. ನಾನು ಸಿಕ್ಕಸಿಕ್ಕಲ್ಲಿ ರ್ಯೂನ ನೆಲಗುಡಿಸುವ ಒದೆ ಹಾಕುತ್ತಿದ್ದೆ, ಬ್ಲಾಕ್ ಆದ ಮೇಲೆ ಹೊಡೆಸಿಕೊಳ್ಳುತ್ತಿದ್ದೆ, ಎದುರಿನವನು ಬಹಳ ಚುರುಕು ಅಂದುಕೊಳ್ಳುತ್ತಿದ್ದೆ. ಮೀಟರ್ ಹಾಕಿ ನೋಡಿದರೆ ನನ್ನ ನೀಲಿ ಪಟ್ಟಿ ರೈಲಿನ ಹಾಗೆ ಉದ್ದಕ್ಕೆ ಹೋಗಿತ್ತು, ಅವನದು ಯಾವಾಗಲೋ ಖಾಲಿಯಾಗಿ ಕಾಯುತ್ತಿತ್ತು. ಅವನೇನೂ ಚುರುಕಲ್ಲ, ನಾನೇ ಬಾಗಿಲು ತೆಗೆದಿಟ್ಟು ಮಲಗಿದ್ದೆ. ಆರ್ಕೇಡ್ ಯಂತ್ರದ ಮುಂದೆ ಇದನ್ನು ಅರ್ಥ ಮಾಡಿಕೊಳ್ಳಲು ವರ್ಷಗಳು ಬೇಕಿತ್ತು, ಇಲ್ಲಿ ಒಂದು ಸಂಜೆ ಸಾಕಾಯಿತು.

ಮಾಡರ್ನ್ ಕಂಟ್ರೋಲ್ ವಿಷಯಕ್ಕೆ ಬರೋಣ, ಜಗಳ ಇರುವುದೇ ಅಲ್ಲಿ. ಕ್ಲಾಸಿಕ್ ಅಂದರೆ ಹಳೇ ಆರು ಗುಂಡಿ, ಜಾಯ್‌ಸ್ಟಿಕ್ಕಿನ ಕೋಲು ತಿರುಗಿಸಿ ಹಡೋಕೆನ್, ಅಂದರೆ ಅಂಗೈಯಿಂದ ಹಾರುವ ಬೆಂಕಿಯುಂಡೆಯಂಥ ಹೊಡೆತ. ಮಾಡರ್ನ್‌ನಲ್ಲಿ ಸ್ಪೆಷಲ್ ಹೊಡೆತಕ್ಕೆ ಒಂದು ಗುಂಡಿ ಸಾಕು. ನಾನು ಇದನ್ನು ನೋಡಿ ಮೂಗು ಮುರಿದವನೇ. ಇದು ಮಕ್ಕಳಾಟ, ಇದರಲ್ಲಿ ಗೆದ್ದರೂ ಗೆದ್ದ ಹಾಗಲ್ಲ ಅಂತೆಲ್ಲ ಮಾತಾಡಿದ್ದೆ. ಹೀಗಿರುವಾಗ ಅಕ್ಕನ ಮಗ ರಜೆಗೆ ಬಂದ. ಹನ್ನೆರಡು ವರ್ಷ, ಇಂಥ ಆಟ ಮುಟ್ಟಿದವನೇ ಅಲ್ಲ. ಮಾಡರ್ನ್ ಹಾಕಿಕೊಂಡು ಝಾಂಗೀಫ್‌ನನ್ನು ಹಿಡಿದ, ಗಡ್ಡ ಚೆನ್ನಾಗಿದೆ ಅಂತ. ಆ ಝಾಂಗೀಫ್ ಎತ್ತಿ ತಿರುಗಿಸಿ ತಲೆಕೆಳಗಾಗಿ ಕುಕ್ಕುವ ಪಟ್ಟು ಹಾಕಲು ಕೋಲನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಅದನ್ನು ಕಲಿಯಲು ನಾನು ಚಿಕ್ಕಂದಿನಲ್ಲಿ ಅಂಗೈ ಬೊಬ್ಬೆ ಬರಿಸಿಕೊಂಡವನು. ಇವನು ಒಂದು ಗುಂಡಿ ಒತ್ತಿದ. ಮೂರನೇ ಸಂಜೆ ನನ್ನನ್ನು ಸೋಲಿಸಿದ.

ಎರಡು ದಿನ ನನಗೆ ಮುಖ ಊದಿಕೊಂಡಿತ್ತು. ಆಮೇಲೆ ರೀಪ್ಲೇ ನೋಡಿದೆ. ಗುಂಡಿ ಒಂದೇ ಇರಬಹುದು, ಆದರೆ ಝಾಂಗೀಫ್ ಹತ್ತಿರ ಬರದೆ ಏನೂ ಮಾಡಲಾರ. ಹುಡುಗ ನನ್ನ ಹಡೋಕೆನ್‌ಗಳ ನಡುವೆ ಒಂದೊಂದೇ ಹೆಜ್ಜೆ ಇಟ್ಟು, ಬ್ಲಾಕ್ ಮಾಡಿ, ಮತ್ತೆ ಹೆಜ್ಜೆ ಇಟ್ಟು ಬಂದಿದ್ದ. ಅಷ್ಟೊಂದು ತಾಳ್ಮೆ ನನಗೇ ಇಲ್ಲ. ಅದೂ ಅಲ್ಲದೆ ಒಂದೇ ಗುಂಡಿಯಲ್ಲಿ ಮಾಡಿದ ಸ್ಪೆಷಲ್‌ಗೆ ಶೇಕಡ 20ರಷ್ಟು ಪೆಟ್ಟು ಕಡಿಮೆ, ಕೆಲವು ಸಾಮಾನ್ಯ ಹೊಡೆತಗಳು ಮಾಡರ್ನ್‌ನಲ್ಲಿ ಸಿಗುವುದೂ ಇಲ್ಲ. ಅಂದರೆ ಬೆರಳಿನ ಕಸರತ್ತನ್ನು ಹಗುರ ಮಾಡಿದ್ದಾರೆ, ಎದುರಿನವನ ಮನಸ್ಸು ಓದುವ ಕೆಲಸ ಇದ್ದ ಹಾಗೇ ಇದೆ. ಹಳೆಯ ಆಟಗಳಲ್ಲಿ ಆ ಎರಡನೇ ಕೆಲಸಕ್ಕೆ ಬರುವ ಮೊದಲೇ ಅರ್ಧ ಜನ ಕೋಲು ತಿರುಗಿಸಲಾಗದೆ ಮನೆಗೆ ಹೋಗುತ್ತಿದ್ದರು. ನಾನು ಈಗಲೂ ಕ್ಲಾಸಿಕ್ಕೇ ಆಡುತ್ತೇನೆ, ಸುಮ್ನೆ ಹಠಕ್ಕೆ.

ಆನ್‌ಲೈನ್ ಚೆನ್ನಾಗಿದೆ. ರೋಲ್‌ಬ್ಯಾಕ್ ಅನ್ನುವ ವಿಧಾನ ಇದೆ: ಎದುರಿನವನ ಗುಂಡಿ ನಮ್ಮ ಕಡೆ ತಲುಪುವವರೆಗೆ ಆಟ ಕಾಯುವುದಿಲ್ಲ, ಅವನು ಹೀಗೆ ಮಾಡಿರಬಹುದು ಅಂತ ಊಹೆ ಮಾಡಿ ಮುಂದುವರಿಯುತ್ತದೆ, ಊಹೆ ತಪ್ಪಾದರೆ ಕಣ್ಣಿಗೆ ಕಾಣದಷ್ಟು ಬೇಗ ಹಿಂದೆ ಹೋಗಿ ಸರಿ ಮಾಡಿಕೊಳ್ಳುತ್ತದೆ. ಮನೆಯಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಯಾವುದರಲ್ಲಿ ಆಡುವವರು ಬೇಕಾದರೂ ಒಬ್ಬರ ಜೊತೆ ಒಬ್ಬರು ಆಡಬಹುದು. ಎದುರಿನವನು ತಂತಿಯಲ್ಲಿದ್ದಾನಾ ವೈಫೈಯಲ್ಲಿದ್ದಾನಾ ಅಂತ ಮೊದಲೇ ಕಾಣುತ್ತದೆ. ವೈಫೈ ಕಂಡರೆ ನಾನು ಒಪ್ಪುವುದಿಲ್ಲ, ಕೆಟ್ಟವನು ಅಂದುಕೊಳ್ಳಿ ಪರವಾಗಿಲ್ಲ. ಸೋಲುವ ಹೊತ್ತಿಗೆ ಕನೆಕ್ಷನ್ ಕಿತ್ತು ಓಡುವವರು ಇಲ್ಲೂ ಇದ್ದಾರೆ.

ಒಬ್ಬರೇ ಆಡುವ ವರ್ಲ್ಡ್ ಟೂರ್ ನನಗೆ ಹಿಡಿಸಲಿಲ್ಲ. ತಲೆಗೆ ರಟ್ಟಿನ ಡಬ್ಬ ಹಾಕಿಕೊಂಡ ರೌಡಿಗಳಿಗೆ ಬೀದಿ ಬೀದಿಯಲ್ಲಿ ಹೊಡೆಯುವುದು ಒಂದು ಮೂರು ಗಂಟೆ ಮಜಾ, ಆಮೇಲೆ ಎಳೆತ. ಹೊಸಬರಿಗೆ ಮಾತ್ರ ಒಂದೊಂದೇ ಪಟ್ಟು ಕಲಿಸುತ್ತಾ ಹೋಗುತ್ತದೆ. ಬ್ಯಾಟಲ್ ಹಬ್ ಅನ್ನುವ ಜಾಗ ಇಷ್ಟವಾಯಿತು. ಅಲ್ಲಿ ನಮ್ಮ ಗೊಂಬೆಯನ್ನು ಆರ್ಕೇಡ್ ಯಂತ್ರದ ಮುಂದೆ ಕೂರಿಸಬೇಕು, ಯಾರೋ ಬಂದು ಎದುರು ಕೂರುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ನೋಡುತ್ತಾರೆ. ಮೂಲೆಯ ಯಂತ್ರಗಳಲ್ಲಿ ಆಗಾಗ ಹಳೆಯ ಸ್ಟ್ರೀಟ್ ಫೈಟರ್ 2 ಆಡಲು ಸಿಗುತ್ತದೆ. ಕಣ್ಣು ಕಾಣದವರಿಗಾಗಿ ಎದುರಾಳಿ ಎಷ್ಟು ದೂರ ಇದ್ದಾನೆ ಅಂತ ಸದ್ದಿನಲ್ಲೇ ಹೇಳುವ ವ್ಯವಸ್ಥೆಯನ್ನೂ ಇಟ್ಟಿದ್ದಾರೆ, ಒಂದು ದಿನ ಕಣ್ಣು ಮುಚ್ಚಿ ಪ್ರಯತ್ನ ಮಾಡಿದೆ, ನನ್ನ ಕೈಲಾಗಲಿಲ್ಲ.

ಬೇಜಾರುಗಳೂ ಇವೆ. ಮೂಲೆಯಲ್ಲಿ ಸಿಕ್ಕಿಕೊಂಡರೆ ಥ್ರೋ, ಮತ್ತೆ ಥ್ರೋ, ಮತ್ತೆ ಥ್ರೋ. ಅದೇ ಹಳೇ ಕಥೆ. ತಪ್ಪಿಸಿಕೊಳ್ಳಲು ದಾರಿ ಇದೆ, ಆದರೆ ಊಹೆ ತಪ್ಪಿದರೆ ಜೀವದ ಅರ್ಧ ಪಟ್ಟಿ ಹೋಗುತ್ತದೆ. ಪಾತ್ರಗಳ ಬಲವನ್ನು ಸರಿದೂಗಿಸುವ ದೊಡ್ಡ ತಿದ್ದುಪಡಿ ಬರುವುದು ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ, ಅಲ್ಲಿಯವರೆಗೆ ಜೋರಾಗಿರುವ ಪಾತ್ರಗಳ ಕೈಲಿ ಏಟು ತಿನ್ನುತ್ತಾ ಇರಬೇಕು. ಹೊಸ ಪಾತ್ರಗಳಿಗೆ ಬೇರೆ ದುಡ್ಡು, ಬಟ್ಟೆಗೆ ಬೇರೆ ದುಡ್ಡು. 2024ರ ಮೇ ತಿಂಗಳಲ್ಲಿ ಅಕುಮಾ ಬಂದಾಗ ಮರುಮಾತಿಲ್ಲದೆ ಕೊಟ್ಟೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟೆರಿ ಬಂದ, ಆಮೇಲೆ ಮಾಯ್. ತೊಂಬತ್ತರ ದಶಕದಲ್ಲಿ ಪಕ್ಕದ ಯಂತ್ರದಲ್ಲಿದ್ದ ಪೈಪೋಟಿಯ ಆಟದವರು ಇವರು, ಈ ಮನೆಗೆ ನೆಂಟರಾಗಿ ಬಂದಿದ್ದಾರೆ ಅಂದರೆ ಕೊಡದೆ ಇರಲು ಮನಸ್ಸಾಗಲಿಲ್ಲ.

ಕೋಲಿನ ಬಗ್ಗೆ ಒಂದು ಮಾತು. ಆರ್ಕೇಡ್ ಸ್ಟಿಕ್ ಇಲ್ಲದೆ ಆಗುವುದಿಲ್ಲ ಅಂತ ನಾನೊಂದು ಕೊಂಡೆ, ಎಂಟೇ ತಿಂಗಳಿಗೆ ಒಂದು ಗುಂಡಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಡತೊಡಗಿತು. ನನ್ನ ಕೈಯೇ ಕೆಟ್ಟಿದೆ ಅಂತ ಮೂರು ವಾರ ತಿಳಿದಿದ್ದೆ. ಈಗ ಮಾಮೂಲಿ ಪ್ಯಾಡಿನಲ್ಲಿ ಆಡುತ್ತೇನೆ, ಮಾಸ್ಟರ್ ರ್ಯಾಂಕಿಗೆ ಬೇಕಾದ 25,000 ಪಾಯಿಂಟ್ ಮುಟ್ಟಿದ್ದು ಅದರಲ್ಲೇ. ಅದರ ಕೆಳಗಿನ ಮೆಟ್ಟಿಲಾದ ಡೈಮಂಡ್‌ನಲ್ಲಿ ಐದು ತಿಂಗಳು ಕೊಳೆತ ಮೇಲೆ.

ಅಕ್ಕನ ಮಗ ಈಗ ಅವನ ಮನೆಯಿಂದಲೇ ಆಡುತ್ತಾನೆ. ಹತ್ತರಲ್ಲಿ ಆರು ಅವನೇ ಗೆಲ್ಲುತ್ತಾನೆ. ಹೋದ ಭಾನುವಾರ ಫೋನ್ ಮಾಡಿ, ಮಾಮ, ನೀವು ಎರಡು ಹಡೋಕೆನ್ ಹಾಕಿದ ಮೇಲೆ ಯಾವಾಗಲೂ ಹಾರುತ್ತೀರಿ ಅಂದ. ಇಲ್ಲ ಕಣೋ ಅಂದೆ. ಮೂರು ರೀಪ್ಲೇ ಹೆಸರು ಹೇಳಿ ಹಾಕಿ ನೋಡಿಸಿದ. ಮೂರರಲ್ಲೂ ಹಾರಿದ್ದೆ. ಆವತ್ತು ರಾತ್ರಿ ಎರಡು ಹಡೋಕೆನ್ ಹಾಕಿ, ಹಾರದೆ, ನಿಂತಲ್ಲೇ ನಿಂತು ಕಾದೆ. ಝಾಂಗೀಫ್ ನಿಧಾನಕ್ಕೆ ನಡೆದು ಬಂದು ನನ್ನನ್ನು ಎತ್ತಿಕೊಂಡ.