ಗೈಡ್ ಆರಿಸಲು ಸ್ಕಾಲರ್, ಸ್ಕೋಪಸ್, ಪಬ್‌ಮೆಡ್: ಯಾವುದು ನೋಡಲಿ?

ಬೆಂಗಳೂರಲ್ಲೇ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಪಿಎಚ್‌ಡಿ ಮಾಡಬೇಕು, ಗೈಡ್ ಆಗುವವರ ಪ್ರಕಟಣೆಗಳನ್ನು ಎಲ್ಲಿ ನೋಡಲಿ ಅಂತ ಕೇಳಿದ್ದೀರಿ.

ಈ ಮೂರೂ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣಗಳು; ಪಬ್‌ಮೆಡ್ ಮುಖ್ಯವಾಗಿ ವೈದ್ಯಕೀಯ, ಜೀವವಿಜ್ಞಾನದ್ದು. ಗೂಗಲ್ ಸ್ಕಾಲರ್, ಪಬ್‌ಮೆಡ್ ಎರಡೂ ಪುಕ್ಕಟೆ. ಸ್ಕೋಪಸ್ ಪೂರ್ತಿ ಬೇಕಾದರೆ ಲೈಬ್ರರಿ ಚಂದಾ ಕಟ್ಟಿರಬೇಕು.

ಉಲ್ಲೇಖಗಳ, ಅಂದರೆ ಒಂದು ಲೇಖನವನ್ನು ಬೇರೆ ಬರಹಗಳು ಹೆಸರಿಸಿದ್ದರ, ಎಣಿಕೆಯಲ್ಲಿ ಎಚ್ಚರ ಬೇಕು. ಸ್ಕಾಲರ್ ಥೀಸಿಸ್, ತಜ್ಞರ ಪರಿಶೀಲನೆಗೆ ಮೊದಲೇ ಹಾಕಿದ ಪ್ರಿಪ್ರಿಂಟ್‌ಗಳಲ್ಲಿ ಬಂದ ಉಲ್ಲೇಖಗಳನ್ನೂ ಸೇರಿಸುತ್ತದೆ. ಹಾಗಾಗಿ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿ. ಇಬ್ಬರನ್ನು ಹೋಲಿಸುವುದಾದರೆ ಇಬ್ಬರನ್ನೂ ಒಂದೇ ಕಡೆ ನೋಡಿ. ಎಚ್-ಇಂಡೆಕ್ಸ್ 20 ಅಂದರೆ, ತಲಾ 20 ಸಲವಾದರೂ ಉಲ್ಲೇಖವಾದ 20 ಲೇಖನಗಳಿವೆ ಎಂದರ್ಥ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಈ ಅಳತೆ ವರ್ಷ ಕಳೆದಂತೆ ಏರುತ್ತದೆ, ಇಳಿಯುವುದಿಲ್ಲ. ಹೊಸದಾಗಿ ಲ್ಯಾಬ್ ತೆರೆದವರಿಗೆ ಇದರಿಂದ ಅನ್ಯಾಯ ಅಲ್ವಾ?

ಪಬ್‌ಮೆಡ್‌ನಲ್ಲಿ ಎಚ್-ಇಂಡೆಕ್ಸ್ ಇಲ್ಲ. ಆದರೂ ನನಗೆ ಅದೇ ಇಷ್ಟ. ಈಗಾಗಲೇ ಬಂದ ಸಂಶೋಧನೆಗಳನ್ನು ಸಮೀಕ್ಷಿಸುವ ರಿವ್ಯೂ ಲೇಖನಗಳಿಗೆ ಉಲ್ಲೇಖ ಹೆಚ್ಚು. ಅವನ್ನು ಅಲ್ಲಿ ಬೇರೆ ಮಾಡಿ ಹೊಸ ಪ್ರಯೋಗಗಳನ್ನಷ್ಟೇ ನೋಡಬಹುದು. ಲೇಖಕರ ಪಟ್ಟಿಯಲ್ಲಿ ಲ್ಯಾಬ್ ಮುಖ್ಯಸ್ಥರ ಹೆಸರು ಸಾಮಾನ್ಯವಾಗಿ ಕೊನೆಗಿರುತ್ತದೆ. ಮೊದಲ ಹೆಸರು ವಿದ್ಯಾರ್ಥಿಯದ್ದಾ, ಅದನ್ನು ಗಮನಿಸಿ.

ರಾವ್, ಕುಮಾರ್ ಥರ ಹಲವರಿಗಿರುವ ಹೆಸರಾದರೆ ಸ್ಕೋಪಸ್‌ನ ಲೇಖಕರ ಗುರುತಿನ ಸಂಖ್ಯೆ ನೆರವಾಗುತ್ತದೆ. ಬೇಗ ಒಂದು ಅಂದಾಜು ಸಾಕಾದರೆ ಸ್ಕಾಲರ್. ಐದು ವರ್ಷ ಒಬ್ಬರ ಲ್ಯಾಬ್‌ನಲ್ಲಿ ಕಳೆಯುವವರು ಪಬ್‌ಮೆಡ್‌ನಲ್ಲಿ ಒಂದು ಸಂಜೆ ಕೂತು ಓದಿ.